ಐಸಿಗೆ ನಾವು ನೆಂಟರು: ಬದಿಯಡ್ಕದ ಹುಡುಗಿಯೊಬ್ಬಳ 140 ಗಂಟೆ

ಮೊದಲು ಒಂದು ಲೆಕ್ಕ. ನನ್ನ ಅಕ್ಕನ ಮಗಳು 2014ರಿಂದ 2025ರವರೆಗೆ ಚಕ್ರದ ಸ್ಕೇಟಿಂಗಿನಲ್ಲಿ ಕಳೆದದ್ದು ಸುಮಾರು 1,800 ಗಂಟೆ. ಐಸಿನ ಮೇಲೆ ಕಳೆದದ್ದು 140 ಗಂಟೆ. ಮೊದಲನೆಯದು ಅಂದಾಜು. ಎರಡನೆಯದಕ್ಕೆ ನನ್ನ ಪೆಟ್ರೋಲ್ ಡೈರಿಯಲ್ಲಿ ದಿನದಿನದ ದಾಖಲೆ ಉಂಟು.

ಊರಲ್ಲಿ ಸಿಕ್ಕಿದವರೆಲ್ಲ ಕೇಳುವುದು ಒಂದೇ: "ಮೆಡಲ್ ಎಷ್ಟು ಬಂತು?" ಇತ್ತೀಚೆಗೆ ಮಂಜೇಶ್ವರ, ಉಪ್ಪಳ ಕಡೆಯ ಕೆಲವು ಅಪ್ಪ-ಅಮ್ಮಂದಿರು ಫೋನ್ ಮಾಡಿ, ರೋಲರ್ ಮಾಡುವ ಮಗುವನ್ನು ಐಸಿಗೆ ಹಾಕಬಹುದಾ ಅಂತಲೂ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಇದನ್ನು ಬರೆದೆ. ಹೆಸರು ಹಾಕಬೇಡಿ ಮಾವ ಅಂದಿದ್ದಾಳೆ, ಹಾಕುವುದಿಲ್ಲ.

ಅಕ್ಕನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಹಟ್ಟಿ, ಮನೆ ಮುಂದೆ ಸಿಮೆಂಟ್ ಹಾಕಿದ ಅಂಗಳ. ಮಂಗಳೂರಿನ ನೆಂಟರ ಮನೆಯಿಂದ ಹಳೆಯ ಸ್ಕೇಟ್ ಬಂದಾಗ ಅವಳಿಗೆ ಎಂಟು ವರ್ಷ. ಮಳೆ ನಿಂತು ಅಡಿಕೆ ಹರಡುವವರೆಗೆ ಅಂಗಳ ಖಾಲಿ ಇರುವುದು ಕೆಲವೇ ವಾರ. ಆ ಕೆಲವು ವಾರ ಅವಳು ಅಂಗಳದಲ್ಲಿ ಗಾಣದ ಎತ್ತಿನ ಹಾಗೆ ಸುತ್ತಿದಳು. ಅಡಿಕೆ ಬಿದ್ದ ಮೇಲೂ ನಿಲ್ಲಿಸಲಿಲ್ಲ. ಅಡಿಕೆಯ ಸುತ್ತ ಉಳಿದ ಎರಡಡಿ ಜಾಗದಲ್ಲೇ ಹೋಗುತ್ತಿದ್ದಳು. ಅಜ್ಜಿಗೆ ತಲೆ ಕೆಟ್ಟು ಹೋಗಿತ್ತು.

ಮರುವರ್ಷದಿಂದ ಮಂಗಳೂರಿನ ಒಂದು ರಿಂಕಿಗೆ ಸೇರಿಸಿದೆವು. ವಾರಕ್ಕೆ ಮೂರು ದಿನ. ಬೆಳಗ್ಗೆ ನಾಲ್ಕೂಕಾಲಿಗೆ ಮನೆ ಬಿಟ್ಟು, ಕುಂಬಳೆಯಲ್ಲಿ ಹೈವೇ ಹಿಡಿದು, ಗಡಿಯ ತಲಪಾಡಿ ದಾಟಿ ಹೋಗಬೇಕು. ಒಂಬತ್ತೂವರೆಗೆ ವಾಪಸ್ ಬಂದು ಕನ್ನಡ ಶಾಲೆಯ ಬೆಂಚಿನಲ್ಲಿ ಕೂರಬೇಕು. ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲಂತೂ ಯಾವ ದಿನ ಯಾವ ಕಡೆ ರಸ್ತೆ ತಿರುಗಿಸಿದ್ದಾರೆ ಅಂತ ದೇವರಿಗೇ ಗೊತ್ತು. ಭಾವನಿಗೆ ತೋಟದ ಕೆಲಸ. ಹಾಗಾಗಿ ಡ್ರೈವರ್ ನಾನು.

ಗಡಿಯ ತಲೆಬಿಸಿ ಇಲ್ಲಿಂದಲೇ ಶುರುವಾಯಿತು. ಅಭ್ಯಾಸ ಕರ್ನಾಟಕದಲ್ಲಿ, ಆಧಾರ್ ಕಾರ್ಡ್ ಕೇರಳದ್ದು. ಆಚೆ ಕೇಳಿದರೆ, "ನೀವು ಕೇರಳದವರು, ಅಲ್ಲಿಂದ ಆಡಿಸಿ." ಈಚೆ ಕೇಳಿದರೆ, "ನಿಮ್ಮ ಕ್ಲಬ್ ಮಂಗಳೂರಿನದಲ್ವಾ?" ಒಂದು ಕಚೇರಿಯಲ್ಲಿ ಮಲಯಾಳದ ಅರ್ಜಿ ಕೊಟ್ಟರು. ನನಗೆ ಓದಲು ಬರುತ್ತದೆ, ತುಂಬಿಸುವಾಗ ತಪ್ಪುತ್ತದೆ. ಮೂರು ಸಲ ವಾಪಸ್ ಬಂತು. ಕೊನೆಗೆ ಕೇರಳದ ಪರ ಅಂತ ಆಯಿತು, ಸರಿಯೂ ಅದೇ. ಆದರೆ ಆ ಒಂದು ವರ್ಷ ಅವಳು ಎಲ್ಲೂ ಆಡಲಿಲ್ಲ. ಕಾಸರಗೋಡಿನವರಿಗೆ ಇದು ಹೊಸ ಕಥೆ ಅಲ್ಲ ಬಿಡಿ.

ಐಸಿನ ಮಾತು ಬಂದದ್ದು 2018ರಲ್ಲಿ. ಮಂಗಳೂರಿನ ಕೋಚ್ ಹೇಳಿದ್ದು: "ಇವಳು ತಿರುವಿನಲ್ಲಿ ಕೆಳಗೆ ಕೂರ್ತಾಳೆ. ಎತ್ತರ ಕಡಿಮೆ, ಕಾಲು ಗಟ್ಟಿ. ಶಾರ್ಟ್ ಟ್ರ್ಯಾಕಿಗೆ ಹೇಳಿ ಮಾಡಿಸಿದ ಹಾಗೆ ಉಂಟು."

ಶಾರ್ಟ್ ಟ್ರ್ಯಾಕ್ ಅಂದರೆ ಎಂತ ಅಂತ ನಮಗೂ ಗೊತ್ತಿರಲಿಲ್ಲ. 60 ಮೀಟರ್ ಉದ್ದ, 30 ಮೀಟರ್ ಅಗಲದ ಐಸ್ ರಿಂಕ್. ಅದರೊಳಗೆ 111.12 ಮೀಟರಿನ ಮೊಟ್ಟೆಯಾಕಾರದ ದಾರಿ. ದಾರಿ ಅಂದರೆ ಗೆರೆಯೂ ಇಲ್ಲ. ಒಂದೊಂದು ತಿರುವಿನಲ್ಲಿ ಏಳೇಳು ಕಪ್ಪು ರಬ್ಬರ್ ಗುರುತು, ಅಷ್ಟೇ. 500 ಮೀಟರ್ ಅಂದರೆ ನಾಲ್ಕೂವರೆ ಸುತ್ತು, 1000 ಅಂದರೆ ಒಂಬತ್ತು, 1500 ಅಂದರೆ ಹದಿಮೂರೂವರೆ. ದೊಡ್ಡ ಓಟಗಾರರ ವೇಗ ಗಂಟೆಗೆ 50 ಕಿಲೋಮೀಟರ್ ಹತ್ತಿರ. ಐಸ್ ಓಟದ ಇನ್ನೊಂದು ಬಗೆಯಾದ ಲಾಂಗ್ ಟ್ರ್ಯಾಕಿನಲ್ಲಿ ಇಬ್ಬರು ಬೇರೆ ಬೇರೆ ಲೇನಿನಲ್ಲಿ ಗಡಿಯಾರದ ಜೊತೆ ಓಡುತ್ತಾರೆ. ಇಲ್ಲಿ ನಾಲ್ಕೈದು ಜನ ಒಟ್ಟಿಗೆ, ಮೈಗೆ ಮೈ ತಾಗಿಸಿಕೊಂಡು. ಟೈಮ್ ಎಷ್ಟಾದರೂ ಇರಲಿ, ಮೊದಲು ಗೆರೆ ದಾಟಿದವರು ಗೆದ್ದರು. 1988ರಲ್ಲಿ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು, 1992ರಲ್ಲಿ ಆಲ್ಬರ್ಟ್‌ವಿಲ್ಲಿನಲ್ಲಿ ಪದಕದ ಆಟವಾಯಿತು.

ಮೊದಲ ಐಸ್ ಸಿಕ್ಕಿದ್ದು 2018ರ ಡಿಸೆಂಬರಿನಲ್ಲಿ, ಗುರುಗ್ರಾಮದ ಒಂದು ಮಾಲ್ ಒಳಗೆ. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಗೆ ಎರಡು ದಿನ. ಎಂಟು ದಿನ ಉಳಿದೆವು. ದಿನಕ್ಕೆ ಒಂದು ಗಂಟೆ ಐಸ್. ಮೊದಲ ದಿನ ಅವಳು ಬಾಡಿಗೆ ಶೂ ಹಾಕಿ ಇಳಿದವಳು ಗೋಡೆ ಬಿಡಲೇ ಇಲ್ಲ. ಚಕ್ರದಲ್ಲಿ ರಾಜ್ಯಮಟ್ಟದ ಹುಡುಗಿ! ಪಕ್ಕದಲ್ಲಿ ಬರ್ತ್‌ಡೇ ಪಾರ್ಟಿಗೆ ಬಂದ ಮಕ್ಕಳು ಅವಳನ್ನು ದಾಟಿ ಹೋಗುತ್ತಿದ್ದರು. ಮೂರನೇ ದಿನಕ್ಕೆ ಕಾಲು ಕೂತಿತು.

ಆ ಸಲವೇ ಸೆಕೆಂಡ್ ಹ್ಯಾಂಡ್ ಶಾರ್ಟ್ ಟ್ರ್ಯಾಕ್ ಸ್ಕೇಟ್ ಒಂದು ಜೊತೆ ಕೊಂಡೆವು. ಮನೆಗೆ ತಂದು ಬಿಚ್ಚಿದಾಗ ಭಾವ ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. "ಇದು ಡೊಂಕು ಉಂಟು. ನಿನಗೆ ಟೋಪಿ ಹಾಕಿದ್ದಾರೆ." ನೋಡಿದರೆ ಹೌದು, ಎಡಕ್ಕೆ ಬಾಗಿದೆ. ಅಷ್ಟೇ ಅಲ್ಲ, ಶೂವಿನ ನಡುವೆ ಕೂರದೆ ಎಡಕ್ಕೆ ಸರಿದು ಕೂತಿದೆ. ಕೊಟ್ಟವರಿಗೆ ಫೋನ್ ಮಾಡಿ ಎರಡು ಮಾತು ಜೋರಾಗಿಯೇ ಹೇಳಿದೆ. ಅವರು ನಕ್ಕರು. ಶಾರ್ಟ್ ಟ್ರ್ಯಾಕಿನಲ್ಲಿ ತಿರುಗುವುದು ಯಾವಾಗಲೂ ಎಡಕ್ಕೆ. ಆದ್ದರಿಂದ ಬ್ಲೇಡನ್ನು ಬೇಕಂತಲೇ ತಿರುವಿನ ಕಡೆ ಬಾಗಿಸುತ್ತಾರೆ. ಮಧ್ಯದಲ್ಲಿ ಕೂರಿಸಿದರೆ ಮೈ ವಾಲಿಸಿದಾಗ ಶೂವಿನ ಅಂಚು ಐಸಿಗೆ ತಾಗಿ ಬೀಳುತ್ತಾರೆ, ಅದಕ್ಕೇ ಎಡಕ್ಕೆ ಸರಿಸುವುದು. ಭಾವ ಅದನ್ನು ಕಮ್ಮಾರನ ಹತ್ತಿರ ನೇರ ಮಾಡಿಸಲು ಹೊರಟಿದ್ದರು ಅನ್ನುವುದನ್ನು ಇಲ್ಲಿ ಬರೆಯಬಾರದಿತ್ತೇನೋ.

2019ರ ಡಿಸೆಂಬರಿನಲ್ಲಿ ಇನ್ನೊಂದು ಎಂಟು ದಿನ. ಅಲ್ಲಿಗೆ 16 ಗಂಟೆ. ಆಮೇಲೆ ಕೊರೊನಾ ಬಂತು. ನಾಲ್ಕು ವರ್ಷ ಅವಳು ಐಸ್ ಮುಟ್ಟಲಿಲ್ಲ.

ಆ ನಾಲ್ಕು ವರ್ಷದ ಅಭ್ಯಾಸ ಮಾತ್ರ ನೋಡುವ ಹಾಗಿತ್ತು. ಉಪ್ಪರಿಗೆಯಲ್ಲಿ ಹಳೆಯ ಸನ್‌ಮೈಕಾ ಹಲಗೆ ಹಾಕಿ, ಎರಡು ಬದಿಗೆ ಮರದ ತುಂಡು ಹೊಡೆದು, ಕಾಲಿಗೆ ಉಣ್ಣೆಯ ಸಾಕ್ಸ್ ಹಾಕಿ ಆಚೆಯಿಂದ ಈಚೆಗೆ ಜಾರುವುದು. ಅಂಗಡಿಯಲ್ಲಿ ಇದಕ್ಕೆ ಸ್ಲೈಡ್ ಬೋರ್ಡ್ ಅಂತ ಸಿಗುತ್ತದೆ. ತಿರುವಿನ ಅಭ್ಯಾಸಕ್ಕೆ ಸೊಂಟಕ್ಕೆ ಬೆಲ್ಟ್, ಬೆಲ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಹಲಸಿನ ಮರಕ್ಕೆ. ಮೈಯೆಲ್ಲ ಎಡಕ್ಕೆ ವಾಲಿಸಿ, ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸುತ್ತಾ ಇರಬೇಕು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. "ಎಂತ, ಮಗುವನ್ನು ಕಟ್ಟಿ ಹಾಕಿದ್ದೀರಾ?" ಅಂತ ಒಬ್ಬರು ಅಜ್ಜಿಯನ್ನು ಕೇಳಿದರಂತೆ. ಅಜ್ಜಿ, "ಬಿಚ್ಚಿದರೆ ದೆಹಲಿಗೆ ಓಡ್ತಾಳೆ" ಅಂದರಂತೆ.

2024 ಮತ್ತು 2025ರ ಜನವರಿಯಲ್ಲಿ ಲೇಹ್‌ಗೆ ಹೋದೆವು. ಅಲ್ಲಿ ಚಳಿಗಾಲದಲ್ಲಿ ಕೊಳವೇ ಗಟ್ಟಿಯಾಗುತ್ತದೆ. ಗುಪುಕ್ಸ್ ಅನ್ನುವ ಕೊಳದ ಮೇಲೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳೂ ನಡೆದಿವೆ. ಸಮುದ್ರದ ಮಟ್ಟದಲ್ಲಿ ಬೆಳೆದ ಹುಡುಗಿ ಸುಮಾರು 3,500 ಮೀಟರ್ ಎತ್ತರಕ್ಕೆ ಹೋದರೆ ಎಂತ ಆಗಬೇಕೋ ಅದೇ ಆಯಿತು. ಮೊದಲ ಎರಡು ದಿನ ಸುಮ್ನೆ ಮಲಗಿರಬೇಕು. ಆಮೇಲೂ ಮೂರು ಸುತ್ತಿಗೆ ಉಸಿರು ಮುಗಿಯುತ್ತದೆ. ಬೆಳಗ್ಗೆ ಕೊಳದ ಐಸ್ ಕಲ್ಲಿನ ಹಾಗೆ, ಬಿಸಿಲೇರಿದ ಹಾಗೆ ಮೆತ್ತಗೆ. ನಡುವೆ ಬಿರುಕು ಬೇರೆ. ಒಂದೊಂದು ಸಲಕ್ಕೆ ಐಸಿನ ಮೇಲೆ ಹನ್ನೆರಡು ದಿನ, ದಿನಕ್ಕೆ ಎರಡು ಗಂಟೆ. ಒಟ್ಟು 48. ಡೈರಿಯಲ್ಲಿ ಅಲ್ಲಿಗೆ 64.

ಎಡಗೈ ಗ್ಲೌಸಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಿರುವಿನಲ್ಲಿ ಎಡಗೈ ಬೆರಳು ಐಸಿಗೆ ತಾಗಿಸಿಕೊಂಡೇ ಹೋಗುವುದು. ಬಟ್ಟೆಯ ಗ್ಲೌಸ್ ಎಳೆಯುತ್ತದೆ, ಹರಿಯುತ್ತದೆ. ಅದಕ್ಕೆ ಬೆರಳ ತುದಿಗೆ ನಯವಾದ ಗಟ್ಟಿ ಟೋಪಿ ಬೇಕು. ಇವಳದ್ದಕ್ಕೆ ನೀರಿನ ಪೈಪಿಗೆ ಹಾಕುವ ಎಂ-ಸೀಲ್ ಮೆತ್ತಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿದೆವು. ಇಡೀ ಖರ್ಚಿನ ಪಟ್ಟಿಯಲ್ಲಿ ಅಗ್ಗದ ವಸ್ತು ಇದೊಂದೇ.

ನಿಜವಾದ ಐಸ್ ಸಿಕ್ಕಿದ್ದು 2025ರಲ್ಲಿ. ಡೆಹ್ರಾಡೂನಿನ ಹಿಮಾದ್ರಿ ರಿಂಕ್ 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಕಟ್ಟಿದ್ದು. ಒಳಾಂಗಣದ ಪೂರ್ತಿ ಅಳತೆಯ ರಿಂಕ್. ಕಟ್ಟಿದ ಮೇಲೆ ವರ್ಷಗಟ್ಟಲೆ ಮುಚ್ಚಿಯೇ ಇತ್ತು. ನನ್ನ ಸೊಸೆ ಚಕ್ರ ಕಟ್ಟಿಕೊಂಡ ದಿನದಿಂದ ಅವಳಿಗೆ ಹತ್ತೊಂಬತ್ತು ತುಂಬುವವರೆಗೂ ಆ ಬಾಗಿಲು ಬಹುತೇಕ ಹಾಕಿಯೇ ಇತ್ತು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. 2025ರಲ್ಲಿ ಮತ್ತೆ ತೆರೆಯಿತು. ಆಗಸ್ಟಿನಲ್ಲಿ ಅಲ್ಲೇ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಟ್ರೋಫಿ ನಡೆದಾಗ ಇವಳು ಗ್ಯಾಲರಿಯಲ್ಲಿ ಕೂತು ನೋಡಿದಳು. ಬೇರೆಯವರು ಓಟ ನೋಡಿದರೆ ಇವಳು ನೋಡಿದ್ದು ಓಟದ ನಡುವಿನ ಕೆಲಸ. ತಿರುವಿನಲ್ಲಿ ಗೀರು ಬಿದ್ದ ಜಾಗಕ್ಕೆ ಬಕೆಟಿನಲ್ಲಿ ನೀರು ಸುರಿಯುವವರು. ಮೂಲೆಯಲ್ಲಿ ಕೂತು ಬ್ಲೇಡಿಗೆ ಸಾಣೆ ಹಿಡಿಯುವವರು.

ಎರಡು ಕ್ಯಾಂಪ್ ಸೇರಿ ಅಲ್ಲಿ 38 ದಿನ, ದಿನಕ್ಕೆ ಎರಡು ಗಂಟೆ, 76. ಒಟ್ಟು 140.

ಈಗ ಒಂದು ಸೆಮಿಫೈನಲಿನ ಕಥೆ. ಡೆಹ್ರಾಡೂನಿನಲ್ಲೇ ನಡೆದ ಒಂದು ಕೂಟ, 1000 ಮೀಟರ್. ನಾಲ್ಕು ಹುಡುಗಿಯರು, ಮೊದಲ ಇಬ್ಬರು ಫೈನಲಿಗೆ. ಏಳು ಸುತ್ತು ಮುಗಿದಾಗ ಇವಳು ಮೂರನೆಯವಳು. ಮುಂದಿನವಳು ಸುಸ್ತಾಗಿದ್ದಾಳೆ ಅಂತ ನನಗೇ ಕಾಣುತ್ತಿತ್ತು. ಇವಳು ಹೊರಗಿನಿಂದ ದಾಟಲು ಹೋದಳು. ತಿರುವು ಶುರುವಾಗುವಲ್ಲಿ ಮುಂದಿನವಳು ಹೊರಕ್ಕೆ ಸರಿದಳು, ಭುಜ ತಾಗಿತು. ಇವಳು ಜಾರಿ ಹೋಗಿ ಪಕ್ಕದ ದಪ್ಪ ಮ್ಯಾಟಿಗೆ ಹೊಡೆದಳು. ಎದ್ದು ಓಡಿ ಮುಗಿಸಿದಳು.

ರೆಫ್ರಿ ವಿಡಿಯೊ ನೋಡಿದರು. ಅಡ್ಡ ಬಂದದ್ದು ಮುಂದಿನವಳದೇ ತಪ್ಪು ಅಂತ ಅವಳನ್ನು ಹೊರಗೆ ಹಾಕಿದರು. ನಾನು ಖುಷಿಯಿಂದ ಎದ್ದೇಬಿಟ್ಟೆ. ಆದರೆ ನಿಯಮ ಹೀಗೆ: ಬೇರೆಯವರ ತಪ್ಪಿನಿಂದ ಬಿದ್ದವರನ್ನು ಮುಂದಿನ ಸುತ್ತಿಗೆ ಸೇರಿಸಬೇಕಾದರೆ, ಬೀಳುವ ಹೊತ್ತಿಗೆ ಅವರು ಅರ್ಹತೆ ಸಿಗುವ ಸ್ಥಾನದಲ್ಲಿ ಇರಬೇಕು. ಅಂದರೆ ಎರಡನೆಯವರೊಳಗೆ. ಇವಳು ಆಗ ಇದ್ದದ್ದು ಮೂರನೆಯ ಸ್ಥಾನದಲ್ಲಿ. ಫೈನಲಿಗೆ ಹೋದದ್ದು ಯಾರು? ಹಿಂದೆ ತನ್ನ ಪಾಡಿಗೆ ತಾನು ಬರುತ್ತಿದ್ದ ನಾಲ್ಕನೆಯವಳು.

ಇಂಥ ಹೊತ್ತಿನಲ್ಲಿ ಎಲ್ಲರೂ ಸ್ಟೀವನ್ ಬ್ರಾಡ್‌ಬರಿಯ ಕಥೆ ಹೇಳುತ್ತಾರೆ. ನಾನೂ ರೈಲಿನಲ್ಲಿ ಹೇಳಿದೆ. ಆಸ್ಟ್ರೇಲಿಯಾದವನು. 1994ರಲ್ಲಿ ಇನ್ನೊಬ್ಬನ ಬ್ಲೇಡ್ ತೊಡೆಗೆ ನುಗ್ಗಿ 111 ಹೊಲಿಗೆ ಬಿತ್ತು. 2000ದಲ್ಲಿ ಅಭ್ಯಾಸದಲ್ಲಿ ಬಿದ್ದು ಕುತ್ತಿಗೆಯ ಮೂಳೆ ಮುರಿಯಿತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನಲ್ಲಿ ಇದೇ 1000 ಮೀಟರ್. ಕ್ವಾರ್ಟರ್ ಫೈನಲಿನಲ್ಲಿ ಮೂರನೆಯವನಾಗಿ ಹೊರಬಿದ್ದವನು, ಮುಂದಿದ್ದ ಕೆನಡಾದವನನ್ನು ಅನರ್ಹ ಮಾಡಿದ್ದರಿಂದ ಒಳಗೆ ಬಂದ. ಸೆಮಿಯಲ್ಲಿ ಮುಂದಿನವರು ಬಿದ್ದರು. ಫೈನಲಿನ ಕೊನೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಒಟ್ಟಿಗೆ ಬಿದ್ದರು. ಹಿಂದೆ ಇದ್ದವನು ಸುಮ್ನೆ ಬಂದು ಗೆರೆ ದಾಟಿದ. ಚಳಿಗಾಲದ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾಕ್ಕೆ ಅದೇ ಮೊದಲ ಚಿನ್ನ. ಹಿಂದೆ ಉಳಿದದ್ದು ಅವನ ಲೆಕ್ಕಾಚಾರವೇ ಆಗಿತ್ತು. ತನ್ನಲ್ಲಿ ಆ ವೇಗ ಇಲ್ಲ, ಗಲಾಟೆಯಿಂದ ದೂರ ಇರೋಣ ಅಂತ.

ಅವಳು ಕೇಳಿಸಿಕೊಂಡಳು. ಕಿಟಕಿಯಾಚೆ ರತ್ಲಾಮೋ ಯಾವುದೋ ಸ್ಟೇಷನ್. ಆಮೇಲೆ ಅಂದಳು: "ಮಾವ, ನಮ್ಮ ಸೆಮಿಯಲ್ಲಿ ಬ್ರಾಡ್‌ಬರಿ ನಾಲ್ಕನೆಯವಳು, ನಾನಲ್ಲ. ಮತ್ತೆ ಅವನಿದ್ದ ಬ್ರಿಸ್ಬೇನಿನಲ್ಲಿ ಹಿಮ ಬೀಳ್ತದಾ?" ಇಲ್ಲ ಅಂದೆ. "ಆದ್ರೆ ರಿಂಕ್ ಇತ್ತು ಅಲ್ವಾ? ಬಿದ್ದು ಬಿದ್ದು ಏಳ್ಲಿಕ್ಕೆ ಅವನಿಗೆ ಊರಲ್ಲೇ ಐಸ್ ಇತ್ತು."

ನಾನು ಈ ಪ್ರಕರಣದ ಬಗ್ಗೆ ಹೇಳಬೇಕೆಂದಿರುವುದೆಲ್ಲ ಆ ಮಾತಿನಲ್ಲಿ ಉಂಟು. ಮಂಗಳೂರಿನ ಕೋಚ್ ಆ ಬಿದ್ದ ವಿಡಿಯೊವನ್ನು ನಿಧಾನ ಮಾಡಿ ಹತ್ತು ಸಲ ನೋಡಿದರು. ತಪ್ಪು ಇನ್ನೊಬ್ಬಳದ್ದೇ. ಆದರೆ ಇವಳು ಹೊರಗೆ ಬಂದದ್ದು ಅರ್ಧ ಕ್ಷಣ ತಡವಾಗಿ. ಚಕ್ರದ 200 ಮೀಟರ್ ಟ್ರ್ಯಾಕಿನಲ್ಲಿ ಅದು ತಡ ಅಲ್ಲ. ತಿರುವು ದೊಡ್ಡದು, ರಬ್ಬರಿನಂಥ ಚಕ್ರ ನೆಲ ಕಚ್ಚುತ್ತದೆ, ತಿರುವಿನೊಳಗೂ ಪಕ್ಕದಲ್ಲೇ ಓಡಿ ದಾಟಬಹುದು. ಐಸಿನಲ್ಲಿ ತಿರುವಿನ ತ್ರಿಜ್ಯ ಎಂಟು ಮೀಟರ್ ಅಷ್ಟೇ. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ದಾಟುವುದಾದರೆ ನೇರ ದಾರಿಯಲ್ಲೇ ಮುಗಿಸಿ, ತಿರುವಿಗೆ ಮುಂದಿನವಳಾಗಿ ಹೋಗಬೇಕು. "ಅವಳ ತಲೆಗೆ ಗೊತ್ತುಂಟು," ಅಂದರು ಕೋಚ್. "ಕಾಲು ಇನ್ನೂ ಚಕ್ರವನ್ನೇ ನೆನಪು ಮಾಡ್ತಾ ಉಂಟು." 1,800 ಗಂಟೆ ಒಂದು ಕಡೆ, 140 ಗಂಟೆ ಇನ್ನೊಂದು ಕಡೆ. ಕಾಲು ಯಾವುದನ್ನು ನೆನಪಿಟ್ಟುಕೊಳ್ಳುತ್ತದೆ ಹೇಳಿ.

ಚಕ್ರದಿಂದ ಐಸಿಗೆ ಹೋಗಲು ಆಗುವುದೇ ಇಲ್ಲ ಅಂತಲ್ಲ. ಅಮೆರಿಕದ ಅಪೋಲೊ ಓನೊ ಚಕ್ರದಿಂದ ಬಂದವನೇ. 2002ರ ಆ ಫೈನಲಿನಲ್ಲಿ ಬಿದ್ದೂ ಬೆಳ್ಳಿ ಗೆದ್ದವನು. ಎರಿನ್ ಜಾಕ್ಸನ್ ಫ್ಲೋರಿಡಾದ ಒಕಾಲಾದವಳು, ನಮ್ಮ ಹಾಗೆ ಸೆಕೆಯ ಊರು. ಚಕ್ರದಲ್ಲಿ ಹೆಸರು ಮಾಡಿ, ಆಮೇಲೆ ಐಸಿಗೆ ಬಂದು, 2022ರಲ್ಲಿ ಬೀಜಿಂಗಿನಲ್ಲಿ ಲಾಂಗ್ ಟ್ರ್ಯಾಕ್ 500 ಮೀಟರಿನ ಚಿನ್ನ ಗೆದ್ದಳು. ಆದರೆ ಇಬ್ಬರೂ ಐಸ್ ಇರುವ ಊರಿಗೆ ಹೋಗಿ ಅಲ್ಲೇ ನೆಲೆಸಿದರು. ಓನೊ ಹದಿನಾಲ್ಕು ವರ್ಷಕ್ಕೆ ಲೇಕ್ ಪ್ಲಾಸಿಡ್‌ಗೆ, ಜಾಕ್ಸನ್ ಸಾಲ್ಟ್ ಲೇಕ್ ಸಿಟಿಗೆ. ನಾವು ಐಸಿಗೆ ನೆಂಟರ ಹಾಗೆ ಹೋದೆವು. ಎಂಟು ದಿನ ಉಳಿದು, ಉಂಡು, ಚೀಲ ಕಟ್ಟಿ ವಾಪಸ್. ನೆಂಟರಿಗೆ ಮನೆಯ ಕತ್ತಲೆಯಲ್ಲಿ ಸ್ವಿಚ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ನನ್ನ ತಪ್ಪೂ ಇಲ್ಲೇ ಇರುವುದು. ಲೇಹ್‌ನ ಎರಡು ಪ್ರವಾಸದ ದುಡ್ಡಿನಲ್ಲಿ ಒಂದೇ ಸಲ ಹೋಗಿ ಒಂದು ಇಡೀ ಚಳಿಗಾಲ ಉಳಿಯಬಹುದಿತ್ತು. ಶಾಲೆ ತಪ್ಪುತ್ತದೆ ಅಂತ ಹೆದರಿದ್ದು ನಾನು, ಅವಳಲ್ಲ.

2025ರ ಸೆಪ್ಟೆಂಬರಿನಲ್ಲಿ ಚೀನಾದ ಬೈದೈಹೆಯಲ್ಲಿ ಚೆನ್ನೈಯ ಆನಂದ್‌ಕುಮಾರ್ ವೇಲ್‌ಕುಮಾರ್ ಚಕ್ರದ ಸ್ಪೀಡ್ ಸ್ಕೇಟಿಂಗಿನಲ್ಲಿ 1000 ಮೀಟರ್ ವಿಶ್ವ ಚಾಂಪಿಯನ್ ಆದ. ಈ ಆಟದಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ. ಅದೇ ಕೂಟದಲ್ಲಿ 42 ಕಿಲೋಮೀಟರ್ ಮ್ಯಾರಥಾನನ್ನೂ ಗೆದ್ದ. ಸುದ್ದಿ ಮೊದಲು ತಂದದ್ದು ಭಾವ. "ನೋಡು, ಚಕ್ರದಲ್ಲೇ ಆಗ್ತದೆ. ಚೆನ್ನೈಯಲ್ಲಿ ಐಸ್ ಉಂಟಾ?"

ಆ ರಾತ್ರಿ ಜಗಲಿಯಲ್ಲಿ ಎಲ್ಲರೂ ಕೂತೆವು. ಭಾವನ ಮಾತಿನಲ್ಲಿ ಹುರುಳಿತ್ತು. ಚಕ್ರಕ್ಕೆ ಮಂಗಳೂರಿನಲ್ಲಿ ರಿಂಕ್ ಉಂಟು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ನಮ್ಮ ಗಂಡಸರ ತಂಡ, ಹೆಂಗಸರ ತಂಡ ಎರಡಕ್ಕೂ ರಿಲೇಯಲ್ಲಿ ಕಂಚು ಬಂದಿತ್ತು. ಅಕ್ಕನ ಚಿಂತೆ ಬಿ.ಕಾಂ. ಎರಡನೇ ವರ್ಷದ ಪರೀಕ್ಷೆಯದು. ನಾನು ಡೈರಿ ತಂದು ಲೆಕ್ಕ ಓದಿದೆ. ಅದು ಯಾರ ಪರ ಅಂತ ನನಗೇ ಗೊತ್ತಿರಲಿಲ್ಲ.

ಅವಳು ಹೇಳಿದ್ದು ಇಷ್ಟು: "ಚಕ್ರದಲ್ಲಿ ನಾನು ಎಷ್ಟು ಆಗ್ಬಹುದೋ ಅಷ್ಟು ಆಗಿದ್ದೇನೆ ಅಪ್ಪ, ಅದು ನಂಗೆ ಗೊತ್ತುಂಟು. ಐಸಿನಲ್ಲಿ ಎಷ್ಟು ಆಗ್ತೇನೆ ಅಂತ ಗೊತ್ತೇ ಇಲ್ಲ. ಪರೀಕ್ಷೆ ಬರೆದು ಒಂದು ವರ್ಷ ಡೆಹ್ರಾಡೂನಿನಲ್ಲಿ ಇರ್ತೇನೆ. ಆಗ್ಲಿಲ್ಲಾಂದ್ರೆ ಗೊತ್ತಾದ ಮೇಲೆ ಬರ್ತೇನೆ."

ಖರ್ಚಿನ ಬಗ್ಗೆಯೂ ಅವಳ ಹತ್ತಿರ ಒಂದು ಯೋಚನೆ ಇತ್ತು. ಎರಡನೇ ಕ್ಯಾಂಪಿನಲ್ಲಿ ಅವಳು ಸಾಣೆ ಕಲಿತಿದ್ದಳು. ಎರಡು ಬ್ಲೇಡನ್ನು ತಲೆಕೆಳಗೆ ಮಾಡಿ ಒಂದು ಚೌಕಟ್ಟಿನಲ್ಲಿ ಸಮಕ್ಕೆ ಬಿಗಿಯಬೇಕು, ಉದ್ದ ಕಲ್ಲನ್ನು ಒಂದೇ ಭಾರದಲ್ಲಿ ಎಳೆಯಬೇಕು, ಕೊನೆಗೆ ಅಂಚಿನಲ್ಲಿ ಎದ್ದ ಸಣ್ಣ ಎಳೆಯನ್ನು ಚಿಕ್ಕ ಕಲ್ಲಿನಿಂದ ತೆಗೆಯಬೇಕು. ಉಗುರನ್ನು ಅಡ್ಡಕ್ಕೆ ಎಳೆದರೆ ಹೊಟ್ಟಿನ ಹಾಗೆ ಪುಡಿ ಬರಬೇಕು. ಕ್ಯಾಂಪಿಗೆ ಬರುವ ಚಿಕ್ಕ ಮಕ್ಕಳ ಅಪ್ಪಂದಿರಿಗೆ ಇದು ಬರುವುದಿಲ್ಲ. ಕೊನೆಯ ವಾರ ಅವಳ ಹತ್ತಿರ ದಿನಕ್ಕೆ ನಾಲ್ಕೈದು ಜೊತೆ ಬರುತ್ತಿತ್ತು. ಪಿ.ಜಿ. ಬಾಡಿಗೆಯ ಒಂದು ಪಾಲಾದರೂ ಅದರಲ್ಲಿ ಹೊರಡುತ್ತದೆ ಅನ್ನುವುದು ಅವಳ ಅಂದಾಜು. ನನಗೆ ಅಷ್ಟು ಧೈರ್ಯ ಇಲ್ಲ, ಪೂರ್ತಿ ಬಾಡಿಗೆಯನ್ನು ನಾನು ಬೇರೆ ಎತ್ತಿಟ್ಟಿದ್ದೇನೆ.

ಫೋನ್ ಮಾಡುವ ಅಪ್ಪ-ಅಮ್ಮಂದಿರಿಗೆ ನಾನೀಗ ಕೇಳುವುದು ಒಂದೇ ಪ್ರಶ್ನೆ: ಮಗು ವರ್ಷಕ್ಕೆ ಎಷ್ಟು ತಿಂಗಳು ಐಸಿನ ಊರಿನಲ್ಲಿ ಇರಬಹುದು? "ರಜೆಯಲ್ಲಿ ಒಂದು ವಾರ" ಅಂತ ಉತ್ತರ ಬಂದರೆ, ಖುಷಿಗೆ ಕರೆದುಕೊಂಡು ಹೋಗಿ, ಮಗುವಿಗೆ ಮಜಾ ಇರ್ತದೆ, ಕೂಟದ ಮಾತು ಬೇಡ ಅನ್ನುತ್ತೇನೆ. ಮತ್ತೆ, ಯಾವ ರಾಜ್ಯದ ಪರ ಆಡುವುದು ಅನ್ನುವುದನ್ನು ಸ್ಕೇಟ್ ಕೊಳ್ಳುವ ಮೊದಲೇ ಬರಹದಲ್ಲಿ ಮುಗಿಸಿಕೊಳ್ಳಿ.

ಟಿಕೆಟ್ ಏಪ್ರಿಲಿನದು. ಸಾಣೆಯ ಚೌಕಟ್ಟು ಈಗ ಅಡಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಉಂಟು. ಬೆಳಗ್ಗೆ ಅವಳು ಕಲ್ಲು ಎಳೆಯುತ್ತಿದ್ದರೆ ಕರಕರ ಶಬ್ದ ತೋಟದವರೆಗೆ ಕೇಳುತ್ತದೆ. ಮೊನ್ನೆ ಅಜ್ಜಿ ತಮ್ಮ ಮೆಟ್ಟುಕತ್ತಿಯನ್ನು ತಂದು ಅವಳ ಪಕ್ಕದಲ್ಲಿಟ್ಟರು. "ಇದಕ್ಕೂ ಒಂದು ಎಳೆ. ನೀನು ಹೋದ ಮೇಲೆ ಯಾರು ಮಾಡಿ ಕೊಡ್ತಾರೆ?" ಅವಳು ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. "ಅಜ್ಜಿ, ಇದು ಡೊಂಕು ಉಂಟು."

"ಅದು ಹಾಗೇ ಇರ್ಬೇಕು," ಅಂದರು ಅಜ್ಜಿ.